ಕೆಂಪು ಮುಟ್ಟದ ಸದ್ದು

ಅವಲಪಲ್ಲಿ, ಹೊಸೂರು
12 ಅಕ್ಟೋಬರ್ 2008, ಭಾನುವಾರ

ಪ್ರೀತಿಯ ಶ್ರೀವಿದ್ಯಾ,

ತವರಿನಲ್ಲಿ ಹೇಗಿದ್ದೀಯ, ಅತ್ತೆಯ ಸೊಂಟ ಹೇಗಿದೆ? ವಾಕರ್ ಹಿಡಿದು ಬಚ್ಚಲಮನೆಯವರೆಗಾದರೂ ನಡೆಯುತ್ತಿದ್ದಾರೆಯೇ, ಇಲ್ಲ ಇನ್ನೂ ನಿನ್ನ ಹೆಗಲೇ ಬೇಕೇ? ಅವರನ್ನು ಎತ್ತಿ ಕೂರಿಸುವಾಗ ಬಗ್ಗಬೇಡ, ಮಂಡಿ ಮಡಿಸಿ ಎತ್ತು. ಫ್ಯಾಕ್ಟರಿಯಲ್ಲಿ ನಮಗೆ ವರ್ಷಕ್ಕೆರಡು ಸಲ ಹೇಳಿಕೊಡುವ ಪಾಠ ಅದು, ಭಾರ ಎತ್ತುವವರಿಗೆಲ್ಲ ಒಂದೇ. ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ಅವಲಕ್ಕಿ, ಮಧ್ಯಾಹ್ನ ಕ್ಯಾಂಟೀನು, ಸಂಜೆಗೆ ಅನ್ನ ಮಾಡಿಕೊಳ್ಳುತ್ತೇನೆ. ಕರೆಂಟು ದಿನಕ್ಕೆ ಮೂರು ನಾಲ್ಕು ಗಂಟೆ ಇರುವುದಿಲ್ಲ, ಅದಕ್ಕೂ ಒಗ್ಗಿದ್ದೇನೆ. ನಿನ್ನ ತುಳಸಿ ಗಿಡ ಒಂದು ಕಡೆ ಒಣಗಿದೆ. ಅದು ನನ್ನ ತಪ್ಪು.

ಫೋನ್ ಇರುವಾಗ ಇವರೇಕೆ ಕಾಗದ ಬರೆದರು ಎಂದು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಇದು ಮೂರನೆಯ ಹಾಳೆ. ಮೊದಲಿನ ಎರಡನ್ನು ಹರಿದೆ. ನಡುವೆ ಎದ್ದು ಬಾಗಿಲವರೆಗೆ ಹೋದೆ, ಒಲೆ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿ ಬಂದೆ, ಮತ್ತೆ ಕೂತೆ. ನೇರವಾಗಿಯೇ ಬರೆದುಬಿಡುತ್ತೇನೆ. ನನಗೆ ಕಿವಿ ಕೇಳಿಸುತ್ತಿಲ್ಲ. ಪೂರ್ತಿ ಇಲ್ಲವೆಂದಲ್ಲ. ಎಡಗಿವಿ ಸ್ವಲ್ಪ ಇದೆ, ಬಲಗಿವಿಯಲ್ಲಿ ಹಗಲೂ ರಾತ್ರಿ ಸಣ್ಣದೊಂದು ಶಿಳ್ಳೆ ಬಿಟ್ಟರೆ ಬೇರೇನೂ ಇಲ್ಲ. ಎದುರಿಗೆ ಕೂತವರ ತುಟಿ ನೋಡಿದರೆ ಅರ್ಧ ತಿಳಿಯುತ್ತದೆ, ಉಳಿದದ್ದನ್ನು ಊಹಿಸುತ್ತೇನೆ. ಒಂದೂವರೆ ವರ್ಷವಾಯಿತು. ನಿನಗೆ ಗೊತ್ತಿತ್ತೋ ಏನೋ. ಟಿವಿಯ ಸದ್ದನ್ನು ನೀನು ತಗ್ಗಿಸುತ್ತಿದ್ದೆ, ನಾನು ಏರಿಸುತ್ತಿದ್ದೆ. ಇಬ್ಬರೂ ಅದರ ಬಗ್ಗೆ ಏನೂ ಅನ್ನುತ್ತಿರಲಿಲ್ಲ. ಹಾಗೆ ಸುಮ್ಮನಿರುವುದು ನಮ್ಮ ಮನೆಯ ಶಿಸ್ತು ಎಂದು ನಾನು ತಿಳಿದಿದ್ದೆ.

ಇಪ್ಪತ್ತೊಂದು ವರ್ಷ ಪ್ರೆಸ್ ಶಾಪಿನಲ್ಲಿ, ತಗಡು ಬಡಿಯುವ ಯಂತ್ರಗಳ ಸದ್ದಿನ ನಡುವೆ ನಿಂತವನಿಗೆ ಇದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಆಗಸ್ಟಿನಲ್ಲಿ ನಡೆದ ಕಿವಿ ಪರೀಕ್ಷೆಯಲ್ಲಿ ನಾನು ಪಾಸಾದದ್ದು. ವರ್ಷಕ್ಕೊಮ್ಮೆ ಒಂದು ವ್ಯಾನ್ ಬರುತ್ತದೆ. ಒಳಗೆ ಗಾಜಿನ ಪೆಟ್ಟಿಗೆಯಂಥ ಕೋಣೆ, ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಪ್ರೆಸ್ ಶಾಪಿನ ಹಳಬರಿಗೆಲ್ಲ ಗೊತ್ತಿರುವ ಉಪಾಯವೊಂದಿದೆ: ಗಾಜಿನಾಚೆ ಕೂತ ಹುಡುಗಿಯ ಮೊಣಕೈ ನೋಡುತ್ತಿರಬೇಕು. ಅವಳು ಸದ್ದು ಬಿಡುವಾಗ ಅದು ಒಂದು ಕೂದಲೆಳೆಯಷ್ಟು ಕದಲುತ್ತದೆ. ನಾನು ಮೊಣಕೈಗೆ ಗುಂಡಿ ಒತ್ತಿದೆ. ‘ಸಹಜ’ ಎಂದು ಬರೆದುಕೊಟ್ಟರು. ಆ ಚೀಟಿ ಬೀರುವಿನಲ್ಲಿದೆ.

ಈ ಉಪಾಯ ನನಗೆ ಸುಲಭವಾಗಿ ಒಗ್ಗಿದ್ದಕ್ಕೆ ಕಾರಣ, ರಜೆಯ ದಿನ ಮದುವೆ ಪೂಜೆಗಳಲ್ಲಿ ಹಾಡು ಬಿಡುವ ನಮ್ಮ ಡಿಜೆ ಕೆಲಸವೇ ಇರಬೇಕು. ಲ್ಯಾಪ್‌ಟಾಪ್ ತಂದ ಹೊಸದರಲ್ಲಿ ನೀನು ನನ್ನ ಹಿಂದೆ ನಿಂತು, “ಇದೇನ್ರೀ, ಹಾಡು ಕೇಳೋದು ಬಿಟ್ಟು ಜ್ವರ ನೋಡೋ ಹಾಗೆ ನೋಡ್ತಾ ಕೂತಿದ್ದೀರಾ” ಎಂದು ನಕ್ಕಿದ್ದೆ. ಪರದೆಯ ಮೇಲೆ ಹಾಡಿಗೊಂದರಂತೆ ತಿರುಗುವ ಎರಡು ತಟ್ಟೆ, ಒಂದೊಂದರ ಪಕ್ಕದಲ್ಲೂ ಏರಿಳಿಯುವ ಒಂದು ಪಟ್ಟಿ. ಹಸಿರು, ಅದರ ಮೇಲೆ ಹಳದಿ, ತುದಿಗೆ ಕೆಂಪು. ಒಬ್ಬೊಬ್ಬರ ಸಿಡಿಯಿಂದ ಬಂದ ಹಾಡು ಒಂದೊಂದು ಎತ್ತರದಲ್ಲಿರುತ್ತದೆ. ಹಳೆಯದು ಪಿಸುಗುಟ್ಟಿದರೆ ಹೊಸದು ಕಿರುಚುತ್ತದೆ. ಮುಂದಿನ ಹಾಡನ್ನು ಸಭೆಗೆ ಬಿಡುವ ಮೊದಲೇ ಅದರ ಮಟ್ಟವನ್ನು ಸದ್ಯದ ಹಾಡಿನ ಮಟ್ಟಕ್ಕೆ ತರಬೇಕು. ಪಟ್ಟಿ ಹಳದಿಯ ಅಂಚನ್ನು ಮುಟ್ಟಿ ಮುಟ್ಟಿ ಇಳಿಯುತ್ತಿರಬೇಕು, ಕೆಂಪಿಗೆ ಹೋಗಬಾರದು. ಕೆಂಪಿಗೆ ಹೋದರೆ ಸದ್ದಿನ ನೆತ್ತಿ ಕತ್ತರಿಸಿಹೋಗುತ್ತದೆ, ಸ್ಪೀಕರು ಹರಿದಂತೆ ಅರಚುತ್ತದೆ, ಕೊನೆಗೆ ಸುಡುತ್ತದೆ. ನನ್ನ ಪಟ್ಟಿ ಎಂದೂ ಕೆಂಪಿಗೆ ಹೋಗಲಿಲ್ಲ. ಸೂಳಗಿರಿಯಿಂದ ಜೂಜುವಾಡಿಯವರೆಗೆ ಇಷ್ಟು ಸಮನಾಗಿ ಹಾಡು ಬಿಡುವವರು ಯಾರೂ ಇಲ್ಲ ಎಂದು ಮುನಿರತ್ನ ಹೇಳಿಕೊಂಡು ತಿರುಗುತ್ತಾನೆ. ಮುನಿರತ್ನ ಗೊತ್ತಲ್ಲ, ನಮ್ಮ ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್, ಸ್ಪೀಕರ್ ಡಬ್ಬಗಳು ಅವನವು. ಹೆಡ್‌ಫೋನನ್ನು ನಾನು ಕೊರಳಿಗೆ ಹಾಕಿಕೊಂಡಿರುತ್ತೇನೆ, ಅಷ್ಟೇ. ಕಣ್ಣಲ್ಲೇ ಎಲ್ಲ ನಡೆಯುತ್ತಿತ್ತು.

ಆದರೆ ಪರದೆಯ ಪಟ್ಟಿ ತೋರಿಸುವುದು ಲ್ಯಾಪ್‌ಟಾಪಿನಿಂದ ಹೊರಡುವ ಸದ್ದನ್ನು ಮಾತ್ರ. ಆಮೇಲೆ ಮಿಕ್ಸರ್ ಇದೆ, ಆಂಪ್ಲಿಫಯರ್ ಇದೆ, ತಗಡಿನ ಸೂರು ಇದೆ, ಜನ ಇದ್ದಾರೆ. ಅರ್ಧ ಗಂಟೆಗೊಮ್ಮೆ ಎದ್ದು ಸಭೆಯ ನಡುವೆ ಸುತ್ತಾಡಿ ಕೇಳಿಸಿಕೊಂಡು ಬರಬೇಕು ಎನ್ನುವುದು ಈ ಕೆಲಸದ ಮೊದಲ ನಿಯಮ. ಮುನಿರತ್ನನಿಗೆ ಅದನ್ನು ಕಲಿಸಿದವನು ನಾನೇ. ಒಂದು ವರ್ಷದಿಂದ ನಾನು ಎದ್ದಿಲ್ಲ.

ಕಳೆದ ಮಂಗಳವಾರ ಫ್ಯಾಕ್ಟರಿಯಲ್ಲಿ ಆಯುಧಪೂಜೆ. ರಜೆಯ ಹಿಂದಿನ ದಿನವೇ ಮಾಡುವುದು ವಾಡಿಕೆ. ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿದ ಬೂದುಗುಂಬಳ ಒಡೆದು, ಪುರಿ ಹಂಚಿ, ಮಧ್ಯಾಹ್ನ ಎರಡಕ್ಕೆ ಡಿಸ್ಪ್ಯಾಚ್ ಶೆಡ್ಡಿನಲ್ಲಿ ಹಾಡು ಶುರು. ವರ್ಷದಲ್ಲಿ ಅದೊಂದು ದಿನ ಮನೆಯವರನ್ನೂ ಒಳಗೆ ಬಿಡುತ್ತಾರೆ. ಪ್ರೆಸ್ಸುಗಳೆಲ್ಲ ನಿಂತಿದ್ದವು. ಅವು ನಿಂತಾಗ ನನ್ನ ಕಿವಿಯ ಶಿಳ್ಳೆ ಇನ್ನೂ ಜೋರು. ಹಾಡುಗಳು ನನಗೆ ಕಂಬಳಿ ಹೊದೆಸಿಟ್ಟಂತೆ ಮಂಕಾಗಿದ್ದವು. ಹಾಗಾದಾಗಲೆಲ್ಲ ನಾನು ಮಿಕ್ಸರಿನಲ್ಲಿ ಚೂಪು ಸದ್ದಿನ ಗುಂಡಿಯನ್ನು ಒಂದಿಷ್ಟು ತಿರುಗಿಸುತ್ತಿದ್ದೆ. ಅಂದೂ ತಿರುಗಿಸಿದೆ. ಮತ್ತೆ ಮತ್ತೆ. ಪರದೆಯಲ್ಲಿ ಹಸಿರು, ಹಳದಿ, ಹಸಿರು. ಎಲ್ಲ ಸರಿಯಾಗಿತ್ತು. ಮುಂದಿದ್ದ ಕೆಲವರು ಕೈಗಳನ್ನು ಮೇಲೆತ್ತಿದರು. ಕುಣಿಯುತ್ತಿದ್ದಾರೆ ಎಂದುಕೊಂಡೆ.

ಆಗ ಕದಿರಮ್ಮ ಮೇಜಿನ ಹತ್ತಿರ ಬಂದಳು. ಕ್ಯಾಂಟೀನಿನಲ್ಲಿ ಅನ್ನ ಬಡಿಸುವಾಕೆ, ಈ ಊರವಳೇ. ಬಾಯಿ ಅಗಲಿಸಿ ಏನೋ ಹೇಳಿದಳು. ಡಿಜೆ ಮೇಜಿಗೆ ಬರುವವರು ಕೇಳುವುದು ಒಂದೇ: ಇನ್ನೂ ಜೋರು ಮಾಡಿ. ಆರು ವರ್ಷದಲ್ಲಿ ಬೇರೆ ಯಾವುದನ್ನೂ ಯಾರೂ ಕೇಳಿಲ್ಲ. ನಾನು ನಕ್ಕು ತಲೆಯಾಡಿಸಿ ಮಿಕ್ಸರಿನಲ್ಲಿ ಜೋರು ಮಾಡಿದೆ. ಅವಳು ನನ್ನನ್ನೇ ನೋಡಿದಳು. ಮತ್ತೆ ಹೇಳಿದಳು. ನಾನು ಹೆಬ್ಬೆರಳೆತ್ತಿ ತೋರಿಸಿ ಇನ್ನೊಂದಿಷ್ಟು ಏರಿಸಿದೆ. ಆಕೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಎಳೆದು ಲ್ಯಾಪ್‌ಟಾಪಿನ ಪರದೆಯ ಮೇಲೆ ಹೊದೆಸಿ ಎರಡೂ ಕೈಯಿಂದ ಒತ್ತಿ ಹಿಡಿದಳು.

ನನಗೆ ಪಟ್ಟಿ ಕಾಣಿಸಲಿಲ್ಲ. ಶ್ರೀ, ಆ ಕ್ಷಣದಲ್ಲಿ ಏನಾಯಿತೆಂದು ಹೇಗೆ ಬರೆಯಲಿ? ಹಾಡು ನಡೆಯುತ್ತಿದೆಯೋ ನಿಂತಿದೆಯೋ ತಿಳಿಯದೆ ಮೇಜಿನ ಮೇಲೆ ಅಂಗೈಯಿಟ್ಟು ಅದು ಅದುರುತ್ತಿದೆಯೇ ಎಂದು ನೋಡಿದೆ. ಅದುರುತ್ತಿತ್ತು. ಮುನಿರತ್ನ ಓಡಿಬಂದು ಆಂಪ್ಲಿಫಯರ್ ಆರಿಸಿದ. ಮೇಜಿನ ಅದುರು ನಿಂತಿತು. ಕದಿರಮ್ಮ ನನ್ನ ಎಡಗಿವಿಯ ಪಕ್ಕಕ್ಕೇ ಬಗ್ಗಿ ಕೂಗಿದ್ದರಿಂದ ಇದು ಮಾತ್ರ ಕೇಳಿಸಿತು: “ಎರಡು ಸಲ ಬಂದು ಬೇಡ್ಕಂಡೆ, ಕಮ್ಮಿ ಮಾಡಪ್ಪಾ ಅಂತ. ನಗ್ತಾ ನಗ್ತಾ ಏರಿಸ್ತೀಯಲ್ಲಾ! ಕೂಸಿನ ಮೊಕ ನೋಡು, ಆ ಪೆಟ್ಟಿಗೇನ ಯಾಕ್ ನೋಡ್ತೀಯಾ?”

ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ ಅವಳ ಸೊಸೆ ಕೂತಿದ್ದಳು. ತೊಡೆಯ ಮೇಲೆ ಎಂಟು ತಿಂಗಳ ಮಗು. ತಾಯಿಯ ಎರಡೂ ಅಂಗೈ ಅದರ ಕಿವಿಗಳ ಮೇಲಿದ್ದವು. ಮಗು ಅತ್ತು ಅತ್ತು ನೀಲಿಗಟ್ಟಿತ್ತು, ಬಾಯಿ ತೆರೆದಿತ್ತು, ಉಸಿರು ಬಿಗಿಹಿಡಿದಿತ್ತು. ಅಳುವಿನ ಸದ್ದು ಬರುತ್ತಿದೆಯೇ ಇಲ್ಲವೇ ಎಂದು ನನಗೆ ತಿಳಿಯಲಿಲ್ಲ. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ. ಮುಂದೆ ಜನ, ಹಿಂದೆ ಗೋಡೆ, ಎದ್ದು ಬರಲು ದಾರಿಯಿರಲಿಲ್ಲವಂತೆ. ಸರ್ಕಾರಿ ಆಸ್ಪತ್ರೆಗೆ ತೋರಿಸಿದರು. ಏನೂ ಆಗಿಲ್ಲ, ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಕರೆತನ್ನಿ ಎಂದರಂತೆ. ಆ ಒಂದು ತಿಂಗಳನ್ನು ನಾನು ಹೇಗೆ ಕಳೆಯಲಿ ಎಂದು ಕೇಳುವುದು ಸ್ವಾರ್ಥ. ಕೇಳುವುದಿಲ್ಲ.

ಮುನಿರತ್ನ ಮಿಕ್ಸರಿನ ಮೇಲೆ ಬಗ್ಗಿ ನೋಡಿ, ಎದ್ದು ನನ್ನ ಎಡಗಡೆ ಬಂದು ನಿಂತ. “ಅಣ್ಣಾ, ಈ ಗುಂಡೀನ ಕೊನೇಗಂಟ ತಿರುಗ್ಸವ್ರೆ. ಯಾವನ್ಲಾ ಇದು ಮಾಡಿದ್ದು?” ಎಂದ. ಯಾರೋ ಮುಟ್ಟಿರಬೇಕು, ನನಗೆ ಗೊತ್ತಿಲ್ಲ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲವಾದ್ದರಿಂದ ಆ ಸುಳ್ಳು ಎಷ್ಟು ಜೋರಾಗಿತ್ತೋ ಹೇಳಲಾರೆ. ಅವನು ನಂಬಿದ. ಶುಕ್ರವಾರ ಮನೆಗೆ ಬಂದು, ನವೆಂಬರಿನಲ್ಲಿ ಸೂಳಗಿರಿಯಲ್ಲಿ ಒಂದು ಆರತಕ್ಷತೆ ಒಪ್ಪಿಕೊಂಡಿದ್ದೇನೆ, ಸಂಜೆ ಏಳಕ್ಕೆ ಶುರು, ಹೆಣ್ಣಿನ ಕಡೆಯವರು ನಿನ್ನನ್ನೇ ಕೇಳಿದ್ದಾರೆ ಎಂದು ನನ್ನ ಬೆನ್ನಿನ ಕಡೆ ನಿಂತು ಹೇಳಿದನಂತೆ. ನಾನು ತಿರುಗಲೇ ಇಲ್ಲವಂತೆ. ನಿನ್ನೆ ಮತ್ತೆ ಬಂದು ಎದುರಿಗೆ ನಿಂತು ಇದನ್ನೆಲ್ಲ ಹೇಳಿದ. ಈ ಸಲ ನಾನು ಅವನ ತುಟಿ ನೋಡುವುದನ್ನು ಅವನು ನೋಡಿದ.  ಲೋಟದ ಟೀ ಅರ್ಧಕ್ಕೇ ಬಿಟ್ಟು ಹೋದ.

ನಾಳೆ ಶಿಫ್ಟ್‌ಗೆ ಮೊದಲು ಅವನಿಗೆ ಹೇಳುತ್ತೇನೆ. ಅದಾದ ಮೇಲೆ ಕ್ಯಾಂಟೀನಿನ ಹಿಂಬಾಗಿಲಿಗೆ ಹೋಗಿ ಕದಿರಮ್ಮನಿಗೆ. ವ್ಯಾನಿನವರಿಗೂ ಹೇಳಬೇಕಾಗುತ್ತದೆ. ಹೇಳಿದರೆ ಪ್ರೆಸ್ ಶಾಪಿನಿಂದ ತೆಗೆದು ಎಲ್ಲಿಗೆ ಹಾಕುತ್ತಾರೋ ತಿಳಿಯದು. ಧೈರ್ಯದ ಮಾತಲ್ಲ ಇದು. ನಾಲ್ಕು ದಿನದಿಂದ ಮನೆಯ ಒಳಗೇ ಸುತ್ತುತ್ತಿದ್ದೇನೆ, ಕೂತ ಕಡೆ ಕೂರಲಾಗುತ್ತಿಲ್ಲ. ಬೇರೆ ಯಾವ ಉಪಾಯವೂ ಉಳಿದಿಲ್ಲ.

ಅತ್ತೆಗೆ ನನ್ನ ನಮಸ್ಕಾರ. ಬೇಗ ನಡೆಯುವಂತಾಗಲಿ ಎಂದು ದಿನವೂ ನೆನೆಯುತ್ತೇನೆಂದು ತಿಳಿಸು. ನಿನ್ನ ಊಟ ತಪ್ಪಿಸಬೇಡ.

ನಿನ್ನ,
ಕಿರಣ್‌ಕುಮಾರ್

ವಿ.ಸೂ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಬರೆಯಲೇಬೇಕು. ಇದಕ್ಕಾಗಿಯೇ ಕಾಗದ ಹಿಡಿದದ್ದು. ಗುರುವಾರ ಬೆಳಗ್ಗೆ ನೀನು ಫೋನ್ ಮಾಡಿದ್ದೆ. ಬಹಳ ಹೊತ್ತು ಏನೋ ಹೇಳಿದೆ, ಕೊನೆಗೆ ಏನೋ ಕೇಳಿದೆ. ಕೇಳಿದೆ ಎಂದು ಅನ್ನಿಸಿದ್ದು ನೀನು ನಿಲ್ಲಿಸಿದ್ದರಿಂದ. ನಾನು “ನಿನ್ನಿಷ್ಟ” ಎಂದೆ. ಒಂದು ಮಾತೂ ತಿಳಿದಿರಲಿಲ್ಲ, ಗೊಣಗಿನಂಥ ಸದ್ದಷ್ಟೇ ಕೇಳಿಸಿತ್ತು. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಅದರ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು. ಎರಡು ನಿಮಿಷ ಓಡಿ ನಿಂತವು. ಆ ಎರಡು ನಿಮಿಷ ನೀನು ಮಾತಾಡಿದೆಯೋ, ಸುಮ್ಮನಿದ್ದೆಯೋ, ಅಳುತ್ತಿದ್ದೆಯೋ ನನಗೆ ಗೊತ್ತಿಲ್ಲ. ಅಂದಿನಿಂದ ನೀನು ಫೋನ್ ಮಾಡಿಲ್ಲ. ಏನು ಕೇಳಿದ್ದೆ, ಶ್ರೀ? ಬರೆದು ಕಳಿಸು. ನಾನು ಅಂದು ಹೇಳಿದ್ದು ಉತ್ತರವಲ್ಲ.