ದೋಣಿ ಇರುವ ಚಿತ್ರಗಳು

ಮೇ 18, ಭಾನುವಾರ

ಅಮ್ಮನ ಫೋನಿಗೆ ಸಮುದ್ರ ತಂದವಳು ನಾನೇ. ಚಳಿಗಾಲದಿಂದ ಯಾರಿಗೂ ಹೇಳಿಲ್ಲ.

ಇವತ್ತೂ ಅದೇ ಆಯಿತು. ಡಬ್ಬಿಗೆ ಫೋನ್ ಒರಗಿಸಿ, ಕುಕ್ಕರಿನಲ್ಲಿ ಕೇಕ್ ಮಾಡುವ ವಿಡಿಯೊ ಹಾಕಿಕೊಂಡಿದ್ದಳು. ಮೈದಾ ಸುರಿಯುವ ಹೊತ್ತಿಗೆ ಜಾಹೀರಾತು — ಸಮುದ್ರ, ಅದರ ಮೇಲೊಂದು ದೋಣಿ. ಅಡುಗೆಮನೆಯ ಸ್ಟೀಲ್ ಪಾತ್ರೆಗಳಿಗೆಲ್ಲ ನೀಲಿ ಹತ್ತಿತು.

"ಥೂ, ಕೇಕ್ ನೋಡಾಣ ಅಂದ್ರೆ ಸಮುದ್ರ ಬರುತ್ತಲ್ಲೇ. ಕೈಯೆಲ್ಲ ಹಿಟ್ಟು. ಸ್ಕಿಪ್ ಒತ್ತು ಧನು."

ಒತ್ತಿದೆ. ಅಣ್ಣ ಮುನಿಕೃಷ್ಣ ಊಟ ಮಾಡುತ್ತಿದ್ದ. "ಮೂರು ಚುಕ್ಕಿ ಇದಾವಲ್ಲ, ಅದನ್ನ ಒತ್ತಿ 'ಆಸಕ್ತಿ ಇಲ್ಲ' ಅಂತ ಕೊಡು. ಮತ್ತೆ ಬರಲ್ಲ."

ಮುಂದಿನ ಜಾಹೀರಾತಿಗೆ ಬೆರಳು ಅಲ್ಲಿಯವರೆಗೂ ಹೋಯಿತು. ಆಸಕ್ತಿ ಇಲ್ಲ... ಇದೆಯಲ್ಲ. ಒತ್ತಲಿಲ್ಲ.

ಮೇ 20, ಮಂಗಳವಾರ, ಮಧ್ಯಾಹ್ನ

ಕರೆಂಟಿಲ್ಲ. ಪಕ್ಕದ ಹೊಲದ ಪಾಲಿಹೌಸಿನ ಪ್ಲಾಸ್ಟಿಕ್ ಗಾಳಿಗೆ ಉಬ್ಬುತ್ತಿದೆ, ಇಳಿಯುತ್ತಿದೆ. ಕಣ್ಣು ಅರ್ಧ ಮುಚ್ಚಿದರೆ ನಮ್ಮೂರು ಮಧುರೆಯೇ ಕಟ್ಟು ಬಿಚ್ಚಿಕೊಂಡು ಎಲ್ಲಿಗೋ ತೇಲುತ್ತಿರುವ ಹಾಗೆ.

ಶುರುವಾದದ್ದು ಜನವರಿಯಲ್ಲಿ. ಅಪ್ಪನ ಬೋರ್‌ವೆಲ್ಲಿಗೆ ಸ್ಟಾರ್ಟರ್ ಬೇಕಿತ್ತು. ರೇಟು ನೋಡಲು ಅಮ್ಮನ ಫೋನಿನಲ್ಲಿ ಯಾವುದೋ ವೆಬ್‌ಸೈಟ್ ತೆರೆದೆ. ಕುಕೀಸ್ ಒಪ್ಪಿಕೊಳ್ಳಿ ಅಂದಿತು. ನೋಟಿಫಿಕೇಶನ್ ಕಳಿಸಲಾ ಅಂದಿತು. ಮುಚ್ಚೋಣವೆಂದರೆ ಇಂಟು ಗುರುತು ಸಾಸಿವೆ ಕಾಳಿನಷ್ಟು. ಮುಟ್ಟುವ ಹೊತ್ತಿಗೆ ಪೇಜೇ ಕೆಳಗೆ ಜಾರಿ ಬೇರೇನೋ ತೆರೆಯಿತು. ಎಲ್ಲ ದಾಟಿದ ಮೇಲೆ — ರೋಬೋಟ್ ಅಲ್ಲ ಎಂದು ತೋರಿಸಿ. ದೋಣಿ ಇರುವ ಚಿತ್ರಗಳನ್ನು ಆರಿಸಿ.

ಒಂದು ಚೌಕದಲ್ಲಿ ನೀರು, ಹಗ್ಗ. ಅಷ್ಟೇ. ಹಗ್ಗದ ಇನ್ನೊಂದು ತುದಿ ಪಕ್ಕದ ಚೌಕದ ದೋಣಿಗೆ. ಹಗ್ಗವೂ ದೋಣಿಯಾ? ನೀರಿನ ಮೇಲಿನ ನೆರಳು? ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಗೆ ಒತ್ತುವುದು. ಕಾಲೇಜಿನಲ್ಲೂ ಹೀಗೇ ಆಗಿದ್ದು. ಮಾಡದ ಪ್ರಯೋಗಕ್ಕೆ ರೀಡಿಂಗ್ ಬರೆಯಿರಿ ಅಂದರು. ಬರೆಯಲಿಲ್ಲ. ಆಮೇಲೆ ಹೋಗಲೂ ಇಲ್ಲ.

ಅಪ್ಪ ಬಾಗಿಲಲ್ಲಿ ನಿಂತು ಕೇಳಿದ. "ಸಿಕ್ತೇನವ್ವಾ ಸ್ಟಾರ್ಟರು?"

"ಇನ್ನೂ ರೋಬೋಟ್ ಅಲ್ಲ ಅಂತ ತೋರಿಸ್ತಾ ಇದೀನಪ್ಪ."

"ನಮ್ ವಂಶದಲ್ಲೇ ಅಂಥೋರು ಯಾರೂ ಇಲ್ಲ ಅಂತ ಹೇಳು."

ಸ್ಟಾರ್ಟರ್ ಕೊನೆಗೆ ನೆಲಮಂಗಲದ ಅಂಗಡಿಯಲ್ಲಿ ತಂದ. ನಾನು ದೋಣಿ ಎಲ್ಲಿಂದ ಎಲ್ಲಿಯವರೆಗೆ ದೋಣಿ ಅಂತ ಹುಡುಕುತ್ತಾ ಕೂತೆ. ಒಂದು ವಿಡಿಯೊ, ಅದರಿಂದ ಇನ್ನೊಂದು. ಮಲ್ಪೆ ಹತ್ತಿರ ದೋಣಿ ರಿಪೇರಿ ಮಾಡುವ ಜಾಗ. ನನ್ನ ವಯಸ್ಸಿನ ಹುಡುಗಿಯರು ದೋಣಿಯ ಹೊಟ್ಟೆಗೆ ಫೈಬರ್ ಹಾಸಿ ಅಂಟು ಬಳಿಯುತ್ತಿದ್ದರು. ನಂಬರ್ ಇತ್ತು. ಫೋನ್ ಮಾಡಿದೆ. ಸಂಘಮಿತ್ರ ಅನ್ನುವವರು ಮಾತಾಡಿದರು. "ಮಳೆಗಾಲದಲ್ಲಿ ದೋಣಿ ಎಲ್ಲ ದಡದ ಮೇಲೆ ಬರ್ತದೆ, ಆಗ ಬಾ. ಊಟ, ರೂಮು ಉಂಟು, ಕೆಲಸ ಕಲಿಸ್ತೇವೆ. ಮನೆಯಲ್ಲಿ ಹೇಳಿಯೇ ಬರಬೇಕು, ಆಯ್ತಾ?"

ಹೇಳಿಲ್ಲ. ಯಾರಾದರೂ ಕೇಳಿದರೆ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ಮೇ 24, ಶನಿವಾರ

ಎರಡು ವಿಷಯ.

ಅಣ್ಣ ನನಗೆ ಕೆಲಸ ನೋಡಿದ್ದಾನೆ. ದಾಬಸ್‌ಪೇಟೆಯಲ್ಲಿ, ಅವನು ಕೆಲಸ ಮಾಡುವ ಗೋಡೌನಿನಲ್ಲೇ, ಪಾರ್ಸೆಲ್ ಸ್ಕ್ಯಾನ್ ಮಾಡುವುದು. ಜೂನ್ ಎರಡನೇ ಸೋಮವಾರದಿಂದ. "ಕ್ಯಾಬ್ ಮನೆ ತಾವಕ್ಕೇ ಬರುತ್ತೆ ಕಣೇ." ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. ಅದೂ ಸುಳ್ಳೇ ಇರಬೇಕು.

ಅಮ್ಮ ಮುರಳಿಯ ಮೊಬೈಲ್ ಅಂಗಡಿಗೆ ಫೋನ್ ಕೊಟ್ಟಳು. ನಾನೂ ಜೊತೆಗಿದ್ದೆ. "ಯಾರೋ ಏನೋ ಹುಡುಕವ್ರೆ ಆದಿಲಕ್ಷ್ಮಕ್ಕ. ಅದಕ್ಕೇ ಹಿಂದೆ ಬಿದ್ದೈತೆ," ಅಂದ. ಯಾರಿರಬಹುದು ಅಂತ ಅಮ್ಮ ಅವನನ್ನೇ ಕೇಳಿದಳು. ಅವನು ಎಲ್ಲ ಅಳಿಸಿದ.



ಜೂನ್ 4, ಬುಧವಾರ

ಈಗ ಅಮ್ಮನ ಫೋನಿನಲ್ಲಿ ಟೂತ್‌ಪೇಸ್ಟ್, ರಮ್ಮಿ, ಮೊಣಕಾಲು ನೋವಿನ ಎಣ್ಣೆ. ಸಂಜೆ ಸೊಪ್ಪು ಬಿಡಿಸುತ್ತಾ ಇದ್ದವಳು ಅಂದಳು —

"ಆ ನೀಲಿ ನೀರು ಬರ್ತಿತ್ತಲ್ಲ, ಈಗ್ಯಾಕೆ ಬರಲ್ಲ?"

"ಮುರಳಿ ಅಳಿಸಿದ್ನಲ್ಲಮ್ಮ."

"ಪೂರ್ತಿ ಅಳಿಸ್ಬಿಟ್ನಾ... ಆ ದೋಣಿ ಎಲ್ಲಿಗೋಗುತ್ತೆ ಅಂತ ಒಂದಿನಾನೂ ನೋಡ್ಲಿಲ್ಲ. ಸ್ಕಿಪ್ ಮಾಡಿದ್ದೇ ಆಯ್ತು." ಒಂದು ಹಿಡಿ ಸೊಪ್ಪು ಎತ್ತಿಕೊಂಡಳು. "ಯಾರು ಹುಡುಕಿದ್ದೇ ಅದನ್ನ?"

ಕೇಳಿಬಿಟ್ಟಳು.

"ನಾನು."

ಎಲ್ಲ ಹೇಳಿದೆ. ಮಲ್ಪೆ, ಸಂಘಮಿತ್ರ ಮೇಡಂ. ಗೋಡೌನು ಬೇಡ ಅನ್ನುವುದನ್ನೂ. ಅಮ್ಮನ ಕೈ ನಿಲ್ಲಲಿಲ್ಲ.

"ಯಾವನಾದ್ರೂ ಇದಾನಾ ಅಲ್ಲಿ?"

"ಇಲ್ಲಮ್ಮ. ದೋಣಿ ಅಷ್ಟೇ."

"ಇದ್ದಿದ್ರೆ ಅದನ್ನೂ ಹೇಳ್ತಿದ್ದೆ. ಅದೇ ನಿನ್ನ ರೋಗ." ಕೈ ಸೀರೆಗೆ ಒರೆಸಿಕೊಂಡಳು. "ಹಾಕು, ನೋಡಾಣ."

ಆ ರಿಪೇರಿ ವಿಡಿಯೊ ಹಾಕಿದೆ. ಮೊದಲು ಎಣ್ಣೆ ಜಾಹೀರಾತು. ಅದೂ ಮುಗಿಯುವವರೆಗೆ ಕಾದಳು. ಆಮೇಲೆ ನೀರು, ಮರಳು, ಮಗುಚಿ ಹಾಕಿದ ದೋಣಿಗಳು. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು.

ಜೂನ್ 6, ಶುಕ್ರವಾರ

ಅಣ್ಣ ಕೂಗಾಡಿದ. "ಮ್ಯಾನೇಜರ್‌ಗೆ ಮಾತು ಕೊಟ್ಟಿದೀನಿ ಕಣೇ. ನನ್ನ ಮುಖ ಎಲ್ಲಿಟ್ಕೊಳ್ಲಿ? ಈಜೋಕೂ ಬರಲ್ಲ ನಿಂಗೆ, ದೋಣಿಯಂತೆ."

"ರಿಪೇರಿ ದೋಣಿ ನೆಲದ ಮೇಲಿರುತ್ತೆ ಅಣ್ಣ." ಅಮ್ಮ ನಕ್ಕುಬಿಟ್ಟಳು. ಅವನು ಎದ್ದು ಹೋದ. ತಪ್ಪು ನನ್ನದೇ. ಆವತ್ತೇ ಬೇಡ ಅನ್ನಬೇಕಿತ್ತು.

ಅಪ್ಪ ಬಹಳ ಹೊತ್ತು ಬೀಡಿ ಸೇದಿ ನಂಬರ್ ಕೊಡು ಅಂದ. ಸ್ಪೀಕರ್ ಹಾಕಿಸಿ, ಹೆಣ್ಣುಮಕ್ಕಳು ಎಲ್ಲಿ ಮಲಗುತ್ತಾರೆ, ಮಳೆ ಎಷ್ಟು, ಎಲ್ಲ ಕೇಳಿದ. ಕೊನೆಗೆ —

"ಮುದ್ದೆ ಸಿಗುತ್ತಾಮ್ಮಾ ಅಲ್ಲಿ?"

"ಇಲ್ಲ ಮಾರಾಯ್ರೆ. ಕುಚ್ಚಲಕ್ಕಿ ಗಂಜಿ."

ಅಪ್ಪ ನನ್ನ ಕಡೆ ನೋಡಿದ.

"ಹಿಟ್ಟು ಕಳಿಸ್ತೀವಿ ಬಿಡಿ," ಅಂದ.

ಜೂನ್ 8, ಭಾನುವಾರ, ಸಂಜೆ

ಅಣ್ಣ ಇನ್ನೂ ಮಾತು ಬಿಟ್ಟಿದ್ದಾನೆ. ಮಲ್ಪೆ ಬಸ್ಸು ಹತ್ತಿಸಲು ನೆಲಮಂಗಲದವರೆಗೆ ಬೈಕಿನಲ್ಲಿ ಬಿಡುತ್ತಾನಂತೆ — ಅಮ್ಮನ ಹತ್ತಿರ ಹೇಳಿದನಂತೆ.

ಭಯ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ನಾಳೆ ಹೊರಡುತ್ತೇನೆ.