ನೀರ್ಕಜೆಯ ಹತ್ತೊಂಬತ್ತು ಮನೆ

ಕೋಡಂಬಾಕ್ಕಂ, ಮದರಾಸು
೧೬ ಸೆಪ್ಟೆಂಬರ್ ೧೯೫೬, ಭಾನುವಾರ

ಅಮ್ಮಣ್ಣಿ ಅಕ್ಕನಿಗೆ ತಮ್ಮ ಐತನ ನಮಸ್ಕಾರ.

ಸರ್ಕಾರದವರು ಏನು ಕೊಡುತ್ತೇವೆಂದರು, ಏನು ಇಲ್ಲವೆಂದರು, ಮೊದಲು ಅದನ್ನೇ ಬರೆಯುತ್ತೇನೆ. ಮಳೆಗೆ ಮುಂಚೆ ಒಬ್ಬ ಅಧಿಕಾರಿ ನೀರ್ಕಜೆಗೆ ಬಂದು ಮನೆ ಮನೆ ನೋಡುತ್ತಾರೆ ಎಂದಿದ್ದರು. ಯಾರೂ ಬರಲಿಲ್ಲ. ನಮ್ಮ ಹೊಳೆಗೆ ಅಣೆಕಟ್ಟು ಬಂದರೆ ನೆಲಕ್ಕೆ ಬದಲು ನೆಲ ಎಂದಿದ್ದರು. ಈಗ ಅಲ್ಲಿ ಮುಳುಗುವ ಮನೆಯೇ ಇಲ್ಲವಂತೆ, ಹಾಗಾಗಿ ನೆಲವೂ ಇಲ್ಲ. ಅಣೆಕಟ್ಟು ಬೇಡ, ಕಾಡನ್ನು ಪ್ರಾಣಿಗಳಿಗೆ ಬಿಡೋಣ ಎನ್ನುವ ಅರಣ್ಯದ ಸಾಹೇಬರು, ಜೇನಿಗೂ ಬೆತ್ತಕ್ಕೂ ನಿಮ್ಮನ್ನು ತಡೆಯುವುದಿಲ್ಲ ಎಂದಿದ್ದರು. ಈಗ ಅಲ್ಲಿ ಮನುಷ್ಯನ ಹೆಜ್ಜೆಯೇ ಬೀಳಬಾರದು ಎನ್ನುತ್ತಾರೆ.

ಇಷ್ಟು ಹೇಳಲು ಎರಡು ತಿಂಗಳು ತಡ ಮಾಡಿದೆ. ನಿನ್ನ ಮಗಳು ಬೇಬಿಯ ಕೈಯಲ್ಲಿ ನೀನು ಮೂರು ಕಾಗದ ಬರೆಸಿದ್ದೀ, ನನ್ನಿಂದ ಒಂದಕ್ಕೂ ಉತ್ತರವಿಲ್ಲ. ಜ್ವರವಿತ್ತು ಎಂದು ಬರೆಯಬಹುದು. ಬರೆಯುವುದಿಲ್ಲ. ಹೆದರಿದ್ದೆ.

ಇಲ್ಲಿ ಒಂದು ಕೋಣೆಯಲ್ಲಿ ನಾಲ್ವರಿದ್ದೇವೆ. ಬೀದಿಗೆಲ್ಲ ಒಂದೇ ನಲ್ಲಿ, ಬೆಳಿಗ್ಗೆ ಒಂದು ಗಂಟೆ ನೀರು. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವನು ನೀರು ಬೇಡ ಎನ್ನಲಾರ. ಕೆಳಗಿನ ಬಯಲಿನ ಗದ್ದೆಗಳಿಗೆ ಹೊಳೆ ಬೇಕು, ಒಪ್ಪುತ್ತೇನೆ. ಹುಲಿಗೆ ಕಾಡು ಬೇಕು, ಅದನ್ನೂ ಒಪ್ಪುತ್ತೇನೆ. ನಮ್ಮನ್ನು ಇಲ್ಲವೆಂದುಕೊಂಡೇ ಅವರು ಜಗಳವಾಡುತ್ತಾರಲ್ಲ, ಅದನ್ನು ಒಪ್ಪುವುದಿಲ್ಲ.

ಕಳೆದ ಬುಧವಾರ ನಮ್ಮ ಕಚೇರಿಯಲ್ಲಿ ಅಣೆಕಟ್ಟಿನ ಸಭೆ ನಡೆಯಿತು. ನಕ್ಷೆ ಬರೆಯುವ ನನ್ನಂಥ ನೌಕರನಿಗೆ ಅಲ್ಲಿ ಕುರ್ಚಿಯಿಲ್ಲ. ಗೋಡೆಗೆ ನಕ್ಷೆ ತೂಗುಹಾಕಿ ಬಾಗಿಲ ಬಳಿ ನಿಂತಿದ್ದೆ. ಇಂಜಿನಿಯರು ಕೋಲು ಹಿಡಿದು, ಇನ್ನೂರು ಅಡಿ ಗೋಡೆ ಎಬ್ಬಿಸಿದರೆ ಇಷ್ಟು ಕರೆಂಟು, ಇಷ್ಟು ಗದ್ದೆ, ಒಬ್ಬನೂ ಮನೆ ಕಳೆದುಕೊಳ್ಳುವುದಿಲ್ಲ ಎಂದರು. ಅರಣ್ಯದ ಸಾಹೇಬರು ಅದೇ ನಕ್ಷೆಗೆ ಕೈ ತೋರಿಸಿ, ಮನುಷ್ಯರೇ ಇಲ್ಲದ ಇಂಥ ಕಾಡು ರಾಜ್ಯದಲ್ಲಿ ಇನ್ನೊಂದಿಲ್ಲ, ಮುಳುಗಿಸಿದರೆ ಪಾಪ ಎಂದರು. ಎರಡು ಗಂಟೆ ಕೂಗಾಡಿದರು. ನವೆಂಬರ್ ಒಂದಕ್ಕೆ ನಮ್ಮ ಜಿಲ್ಲೆ ಮೈಸೂರಿಗೆ ಸೇರುತ್ತದೆ. ಅದಕ್ಕೆ ಮೊದಲೇ ತೀರ್ಮಾನಿಸಿ ಕೈ ತೊಳೆದುಕೊಳ್ಳುವ ಆತುರ ಇಬ್ಬರಿಗೂ.

ಮರುದಿನ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಕಮಲಾಕರ ರಾಯರ ಮೇಜಿಗೆ ನೀವು ಹೆಬ್ಬೆಟ್ಟು ಒತ್ತಿದ ಅರ್ಜಿ ಬಂತು. ಮೂರು ತಲೆಮಾರಿನಿಂದ ಇಲ್ಲೇ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿರುವವರು ಅವರು. ನನ್ನನ್ನು ಕರೆದು ಕೇಳಿದರು:

"ಏನ್ಪಾ ಐತಪ್ಪ, ಮ್ಯಾಪಲ್ಲೇ ಇಲ್ದಿರೋ ಊರಿಂದ ಪೆಟಿಷನ್ ಬಂದಿದೆ. ಹುಲಿ ಬರೀತೋ, ಆನೆ ಬರೀತೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಅಕ್ಕ.

ಸಂಜೆ ಪ್ಯಾರೀಸ್ ಕಾರ್ನರ್‌ಗೆ ಹೋದೆ. ಅಲ್ಲಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ಪುತ್ತೂರಿನ ಸೀತಾರಾಮ, ಹೋಟೆಲ್ ಕೆಲಸಗಾರರ ಸಂಘದ ಕಾರ್ಯದರ್ಶಿ. ನನಗೆ ಎದ್ದು ನಿಂತು ಮಾತಾಡಲು ಕಲಿಸಿದವನು ಅವನೇ. ಕಾಫಿ ಲೋಟ ಕುಕ್ಕಿ ಹೇಳಿದ:

"ಎಂತ ಮಾರಾಯ, ಇವರು ಮುಳುಗಿಸುದು, ಅವರು ಓಡಿಸುದು. ನಕ್ಷೆಯಲ್ಲಿ ಇಲ್ಲದಿದ್ರೆ ಮನುಷ್ಯರೇ ಹೋಗಿ ಎದುರು ನಿಲ್ಲುದು. ಆಗ ಕಾಣುದಿಲ್ಲ ಅಂತ ಹೇಳ್ಲಿ, ನೋಡುವ."

ಅವನೇ ಎರಡು ದಿನ ನಮ್ಮ ಕಚೇರಿಯ ಬಾಗಿಲಲ್ಲಿ ಕೂತು, ಮುಂದಿನ ಸಭೆಯಲ್ಲಿ ಊರವರ ಮಾತನ್ನೂ ಕೇಳುತ್ತೇವೆ ಎಂದು ಬರಹದಲ್ಲಿ ತಂದಿದ್ದಾನೆ.

ಆದ್ದರಿಂದ ಮನೆಗೊಬ್ಬರಂತೆ ಹೊರಡಿ. ಮಂಗಳೂರಿನಿಂದ ರೈಲು, ಟಿಕೆಟ್ ಸಂಘದ್ದು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಸೀತಾರಾಮ ಬಾವುಟ ಹಿಡಿದು ನಿಂತಿರುತ್ತಾನೆ. ಸೊಂಟದ ಕತ್ತಿ ಊರಲ್ಲೇ ಇರಲಿ, ಪೊಲೀಸರಿಗೆ ನೆಪ ಬೇಡ. ಒಳ್ಳೆಯ ಸೀರೆ ಯಾರಲ್ಲೂ ಕೇಳಬೇಡ, ಇದ್ದದ್ದರಲ್ಲೇ ಬಾ.

ಬೇಬಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ನನಗೆ ಬೇಕು. ಕೊಡುವುದೋ ಬಿಡುವುದೋ, ಕೆಳಗೆ ಬರೆದದ್ದನ್ನು ಕೇಳಿದ ಮೇಲೆ ನೀನೇ ಹೇಳು.

ನಿನ್ನ ತಮ್ಮ
ಐತ

ಇಷ್ಟು ಹೊತ್ತು ಬರೆಯಲು ಧೈರ್ಯ ಬರದದ್ದು ಇದು. ಬೇಬಿ ಮಗಾ, ನಿಲ್ಲಿಸಬೇಡ. ಎಲ್ಲರನ್ನೂ ಅಂಗಳಕ್ಕೆ ಕರೆದು ಜೋರಾಗಿ ಓದು.

ಸರ್ವೆಯವರು ತಂದ ಕರಡಿನಲ್ಲಿ ನೀರ್ಕಜೆಯ ಹತ್ತೊಂಬತ್ತು ಮನೆಗೂ ಚುಕ್ಕೆ ಇತ್ತು. ಅದನ್ನು ನಕ್ಷೆಯ ಬಟ್ಟೆಯ ಮೇಲೆ ಮಸಿಯಲ್ಲಿ ಬರೆದವನು ನಾನೇ. ಕಮಲಾಕರ ರಾಯರು ಬಗ್ಗಿ ನೋಡಿ, "ನೀನು ಆ ಕಡೆಯವನಲ್ವಾ? ಈ ಗುಡಿಸಲಲ್ಲೆಲ್ಲ ಯಾರಪ್ಪ ಇರೋದು?" ಎಂದರು. ಮಂಗಳೂರು ಪೇಟೆಯ ಮೇಷ್ಟರ ಮಗ ಎಂದು ಹೇಳಿಕೊಂಡು ಇಲ್ಲಿ ಸೇರಿದವನು ನಾನು. ಅಲ್ಲಿರುವವರು ನಮ್ಮವರು ಎಂದರೆ ಜಾತಿ ತಿಳಿದು ನಾಳೆಯಿಂದ ನನ್ನ ನೀರಿನ ಲೋಟ ಬೇರೆಯಾಗುತ್ತದೆ ಎಂದು ಹೆದರಿದೆ. "ಯಾರೂ ಇಲ್ಲ ಸಾರ್. ಬೇಟೆಗೆ ಬಂದವರು ಕಟ್ಟಿ ಬಿಟ್ಟು ಹೋದದ್ದು" ಎಂದೆ. ಹಾಗಾದರೆ ತೆಗೆ ಎಂದರು. ಬ್ಲೇಡಿನಿಂದ ಒಂದೊಂದೇ ಚುಕ್ಕೆ ಕೆರೆದೆ. ಹೊಳೆಯ ತಿರುವಿನಲ್ಲಿರುವ ನಿನ್ನ ಮನೆಯನ್ನು ಕೊನೆಗೆ.

ಸೀತಾರಾಮನಿಗೂ ಇದು ಗೊತ್ತಿಲ್ಲ. ಸಭೆಯಲ್ಲಿ ಎಲ್ಲರ ಎದುರು ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೂ, ನಿನ್ನ ಮುಖ ಅವರಿಗೆ ತೋರಿಸಲು ಬಾ ಅಕ್ಕ. ಸೆಪ್ಟೆಂಬರ್ ಇಪ್ಪತ್ತೇಳು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.