ಸ್ಟಾರ್ಟ್ ಲೈನಿನಲ್ಲಿ ಒಡೆದ ಕಾಯಿ

ಹಾಸನ
12 ಫೆಬ್ರವರಿ 2025, ಬುಧವಾರ

ಅಮ್ಮನಿಗೆ,

ನಿನ್ನ ಇಂಚರ ಹಾಸನದಿಂದಲೇ ನಿನ್ನ ಕಾಲಿಗೆ ಬಿದ್ದಿದ್ದಾಳೆ. ಈ ಪತ್ರ ಓದಿ ಮುಗಿಸಿ ನೀನು ಏಳು ಅನ್ನುವವರೆಗೆ ಏಳುವುದಿಲ್ಲ.

ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿದರೆ ಒಂದು ನಿದ್ದೆಯೊಳಗೆ ತಲುಪುತ್ತೇನೆ, ಅದಕ್ಕೇಕೆ ಪತ್ರ ಎಂದು ನೀನು ಕೇಳಬಹುದು. ಫೋನಿನಲ್ಲಿ ಭಾನುವಾರದ ವಿಷಯ ಎತ್ತಿದ ಕೂಡಲೇ ನಿನ್ನ ಒಲೆಯ ಮೇಲೆ ಏನಾದರೂ ಉಕ್ಕುತ್ತದೆ. ಮನೆಗೇ ಬಂದರೆ ತಟ್ಟೆ ಹಾಕಿ, ಬಾಯಿ ತುಂಬ ಅನ್ನ ತುರುಕಿ ಸುಮ್ಮನಾಗಿಸುತ್ತೀಯ. ಪತ್ರವಾದರೆ ಆ ತೊಂದರೆಯಿಲ್ಲ. ಉಕ್ಕಿದರೆ ಇಳಿಸಿ ಬಂದು ಮತ್ತೆ ಮುಂದಕ್ಕೆ ಓದು.

ನಿನ್ನೆ ನಿನ್ನ ಮಗ ಸಮರ್ಥ ಫೋನ್ ಮಾಡಿದ್ದ. ಮುಂದಿನ ಗುರುವಾರ ಮಗುವಿನ ನಾಮಕರಣ, ಅಜ್ಜಿಯಾದವಳು ನೀನೇ ತೊಟ್ಟಿಲಿಗೆ ಹಾಕಬೇಕು ಎಂದು ಅವನೂ ದಿವ್ಯಾನೂ ಕೇಳಿದರೆ, ಆ ದಿನ ಹಜಾರಕ್ಕೇ ಬರುವುದಿಲ್ಲ, ಅಡುಗೆಮನೆ ನೋಡಿಕೊಳ್ಳುತ್ತೇನೆ ಎಂದೆಯಂತೆ. ‘ನನ್ನ ಕೈ ತಗುಲಿದ್ದು ಏನಾಯಿತು ಅಂತ ಶಾಂತಿಗ್ರಾಮದಲ್ಲಿ ನೋಡಿ ಬಂದಿದ್ದೀನಿ, ಕೂಸಿನ ಮೇಲೆ ಪ್ರಯೋಗ ಬೇಡ’ ಎಂದೂ ಅಂದೆಯಂತೆ. ನಿನ್ನ ಸೊಸೆ ಕೋಣೆಗೆ ಹೋಗಿ ಅತ್ತಳಂತೆ. ಬಾಣಂತಿಯನ್ನು ಅಳಿಸಬಾರದು ಎಂದು ಊರಿಗೆಲ್ಲ ಹೇಳುವವಳು ನೀನು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಲ್ಯಾಬಿನಲ್ಲಿ ಯಾರದೋ ರಕ್ತದ ಸ್ಯಾಂಪಲ್ಲಿಗೆ ಇನ್ನಾರದೋ ಹೆಸರು ಅಂಟಿಸಲು ಹೋಗಿದ್ದೆ. ಪುಣ್ಯಕ್ಕೆ ಪಕ್ಕದಲ್ಲಿದ್ದ ಧನುಶ್ರೀ ತಡೆದಳು.

ಅದಕ್ಕೇ ಆ ಎರಡು ದಿನ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನೀನು ಕಂಡದ್ದು ಭಾನುವಾರದ ಒಂದು ತುಂಡು ಮಾತ್ರ. ಅದನ್ನೇ ಕಟ್ಟಿಕೊಂಡು ಮನೆಗೆ ಹೋಗಿದ್ದೀಯ.

ಶಾಂತಿಗ್ರಾಮದ ಆ ಜಾಗ ಸೈಟು ಮಾರಲು ಮಾಡಿಟ್ಟ ಲೇಔಟು. ಮನೆ ಒಂದೂ ಎದ್ದಿಲ್ಲ, ರಸ್ತೆ ಮಾತ್ರ ಅಗಲವಾಗಿ, ನೇರವಾಗಿ ಬಿದ್ದುಕೊಂಡಿದೆ. ಹಾಸನದ ಗೆಳೆಯರ ಬಳಗದವರು ಪೊಲೀಸರ ಒಪ್ಪಿಗೆ ತೆಗೆದುಕೊಂಡು, ಎರಡೂ ಬದಿಗೆ ಹುಲ್ಲಿನ ಹೊರೆ, ಹಳೇ ಟೈರು ಪೇರಿಸಿ, ಆಂಬುಲೆನ್ಸ್ ನಿಲ್ಲಿಸಿ ಡ್ರ್ಯಾಗ್ ರೇಸ್ ಇಟ್ಟಿದ್ದರು. ಡ್ರ್ಯಾಗ್ ರೇಸ್ ಅಂದರೆ ನೀನು ಹೆದರಿದಷ್ಟು ದೊಡ್ಡದೇನಲ್ಲ. ಇಬ್ಬಿಬ್ಬರು ಬೈಕ್ ಏರಿ ಅಕ್ಕಪಕ್ಕ ನಿಂತು, ಬಾವುಟ ಇಳಿದ ಕೂಡಲೇ ನೇರ ಓಡಿಸುವುದು. ಮೊದಲು ಮುಟ್ಟಿದವರು ಮುಂದಿನ ಸುತ್ತಿಗೆ, ಸೋತವರು ಬೋಂಡದ ಅಂಗಡಿಗೆ.

ಬಾವುಟ ಹಿಡಿದವರು ಷಡಕ್ಷರಿ ಮೇಷ್ಟ್ರು, ಅರಕಲಗೂಡಿನ ಕಡೆ ಪಿ.ಟಿ. ಮೇಷ್ಟ್ರಾಗಿರುವವರು. ಅವರು ಸೀಟಿ ಊದಿದರೆ ಮದುವೆಯಾದ ಗಂಡಸರೂ ಹೆಲ್ಮೆಟ್ ಬಕ್ಕಲ್ ಹಾಕಿಕೊಳ್ಳುತ್ತಾರೆ. ಶನಿವಾರ ಬೆಳಿಗ್ಗೆ ಹುಚ್ಚಯ್ಯ ಅನ್ನುವವರು ಡೈರಿಗೆ ಹಾಲು ಹಾಕಿ ಅದೇ ಗಾಡಿಯಲ್ಲಿ ಬಂದರು. ಕ್ಯಾನು ಬಿಚ್ಚಿಟ್ಟರು, ಕ್ಯಾನಿನ ಕೊಕ್ಕೆ ಬಿಚ್ಚಲಿಲ್ಲ. ಮೇಷ್ಟ್ರು ಬಿಚ್ಚಿ ಅಂದರೆ, ‘ಅದಿಲ್ದೆ ಈ ಗಾಡಿ ನಡ್ಯಾಕಿಲ್ಲ ಸಾ, ಅದ್ಕೆ ಅಭ್ಯಾಸ ಆಗೋಗದೆ’ ಎಂದರು. ಕೊನೆಗೆ ಕೊಕ್ಕೆಗಳನ್ನು ಹಗ್ಗದಲ್ಲಿ ಬಿಗಿಸಿ ಬಿಟ್ಟರು. ಅವರ ಎದುರಿಗಿದ್ದ ಹುಡುಗನ ಹೊಸ ಗಾಡಿ ಲೈನಿನಲ್ಲೇ ಆಫ್ ಆಗಿ, ಹುಚ್ಚಯ್ಯನವರು ಒಂದು ಸುತ್ತು ಗೆದ್ದೇಬಿಟ್ಟರು. ಎರಡನೆಯದರಲ್ಲಿ ಸೋತು, ಹಸುವಿಗೆ ಹಿಂಡಿ ತರಬೇಕು ಎಂದು ಹೊರಟುಹೋದರು. ಅಷ್ಟು ನೆಮ್ಮದಿಯಾಗಿ ಸೋತವರನ್ನು ನಾನು ನೋಡಿಲ್ಲ.

ನಮ್ಮ ಧನುಶ್ರೀಯದು ಇನ್ನೂ ಚೆಂದ. ಬಾವುಟ ಇಳಿಯಿತು, ಹೊರಟಳು, ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಪೆಟ್ರೋಲ್ ಕಾಕ್ ತೆರೆಯುವುದನ್ನೇ ಮರೆತಿದ್ದಳು. ಇಳಿದು, ಹೆಲ್ಮೆಟ್ ಹಾಕಿಕೊಂಡೇ ಆ ಬಿಸಿಲಲ್ಲಿ ತಳ್ಳಲು ಶುರುಮಾಡಿದಳು. ಅವಳ ಎದುರಾಳಿ ಆಗಲೇ ಗೆದ್ದು ಮುಟ್ಟಿದ್ದವನು ವಾಪಸು ಬಂದು, ತನ್ನ ಗಾಡಿ ನಿಲ್ಲಿಸಿ, ಇವಳ ಗಾಡಿಗೆ ಹಿಂದಿನಿಂದ ಕೈ ಕೊಟ್ಟ. ಇಬ್ಬರೂ ತಳ್ಳಿಕೊಂಡು ಗೆರೆ ದಾಟಿದಾಗ ಬಿದ್ದಷ್ಟು ಚಪ್ಪಾಳೆ ಆ ಎರಡು ದಿನದಲ್ಲಿ ಇನ್ನಾರಿಗೂ ಬೀಳಲಿಲ್ಲ.

ಅವನೇ ರವೀಂದ್ರ. ಹೊಳೆನರಸೀಪುರದವನು, ಭತ್ತದ ಗದ್ದೆ ಇದೆ, ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇದೆ. ನನ್ನನ್ನು ಸೋಲಿಸಿದವನು ಅನ್ನುವುದಕ್ಕಿಂತ ಮೊದಲು ನಿನಗೆ ಇದು ಗೊತ್ತಿರಲಿ: ಶನಿವಾರ ಸಂಜೆ, ನಾನು ಓಡಿಸುತ್ತಿದ್ದ ಅಪ್ಪನ ಗಾಡಿಯ ಕ್ಲಚ್ ಪ್ಲೇಟ್ ಹಾಕಿಕೊಟ್ಟವನೂ ಅವನೇ. ಮಾರನೆಯ ಬೆಳಿಗ್ಗೆ ನಾವಿಬ್ಬರೂ ಎದುರುಬದುರಾಗಬಹುದು ಎಂದು ಅವನಿಗೆ ಗೊತ್ತಿತ್ತು. ನಾನು ಸಂಕೋಚಪಟ್ಟರೆ, ‘ನಿನ್ ಗಾಡಿ ಸರ್ಯಾಗಿಲ್ದೆ ನಾನ್ ಗೆದ್ರೆ ಏನ್ ಸುಖ ಬತ್ತದೆ, ಆ ಸ್ಪ್ಯಾನರ್ ಕೊಡು ಇತ್ಲಾಗೆ’ ಎಂದ.

ಅಪ್ಪ ಆ ಗಾಡಿಯ ಮುಳ್ಳನ್ನು ನಲವತ್ತರ ಮೇಲೆ ಏರಿಸಿದವರಲ್ಲ. ಅದರಲ್ಲಿ ಹೀಗೂ ಓಡುವ ಜೀವ ಇತ್ತು ಎಂದು ಗೊತ್ತಾಗಿದ್ದರೆ ಮಾರಿಬಿಡುತ್ತಿದ್ದರೇನೋ.

ಇನ್ನು ಭಾನುವಾರ. ನೀನು ಪುಳಿಯೋಗರೆಯ ಡಬ್ಬಿ ಹಿಡಿದು ಪೆಂಡಾಲಿನ ಹತ್ತಿರ ಬಂದು ನಿಂತಾಗ ನನಗೆ ನಂಬಿಕೆಯೇ ಬರಲಿಲ್ಲ. ‘ಹಾಸನಕ್ಕೆ ಹೊರಟಿದ್ದೆ, ದಾರೀಲಿ ಕಂಡಿತು, ಇಳಿದೆ’ ಎಂದೆ. ಹಾಸನದಲ್ಲಿ ನನ್ನನ್ನು ಬಿಟ್ಟರೆ ನಿನಗೆ ಯಾರಿದ್ದಾರೆ ಅಮ್ಮ? ಆದರೂ ನಾನು ಹೂಂ ಅಂದೆ. ಒಂದು ವರ್ಷ ಈ ಗಾಡಿಯ ವಿಷಯಕ್ಕೆ ನನ್ನೊಡನೆ ಮುಖ ಕೊಟ್ಟು ಮಾತಾಡದವಳು ಬಸ್ಸು ಇಳಿದು ಬಂದಿದ್ದೆ, ಅಷ್ಟು ಸಾಕಾಗಿತ್ತು.

ಪೆಂಡಾಲಿನಲ್ಲಿ ನಿನಗೆ ಜೊತೆಯಾದವರು ದೊಡ್ಡಮ್ಮ. ಅದು ಅವರ ಹೆಸರೇ, ರವೀಂದ್ರನ ಅಜ್ಜಿ. ಮೊಮ್ಮಗ ಎಲ್ಲಿ ಗಾಡಿ ಓಡಿಸಿದರೂ ತೆಂಗಿನಕಾಯಿ ಚೀಲ ಹಿಡಿದು ಹಿಂದೆ ಬರುತ್ತಾರೆ. ಪ್ರತಿ ಓಟಕ್ಕೆ ಮೊದಲು ಗಾಡಿಗೆ ದೃಷ್ಟಿ ತೆಗೆದು ಕಾಯಿ ಒಡೆಯುವುದು ಇಲ್ಲಿ ಎಲ್ಲರ ರೂಢಿ. ಆದರೆ ಮೇಷ್ಟ್ರ ಕಟ್ಟಪ್ಪಣೆ ಇತ್ತು: ಪೂಜೆ, ಕಾಯಿ, ನಿಂಬೆಹಣ್ಣು ಎಲ್ಲ ಪೆಂಡಾಲಿನಲ್ಲೇ ಮುಗಿಯಬೇಕು, ಲೈನಿನ ಹತ್ತಿರ ಹನಿ ನೀರೂ ಬೀಳಬಾರದು.

ಫೈನಲ್ಲಿಗೆ ನಾನೂ ರವೀಂದ್ರನೂ ಉಳಿದೆವು. ದೊಡ್ಡಮ್ಮ ಅವನ ಗಾಡಿಗೆ ಪೆಂಡಾಲಿನಲ್ಲಿ ದೃಷ್ಟಿ ತೆಗೆದು, ಇನ್ನೊಂದು ಕಾಯಿಯನ್ನು ನಿನ್ನ ಕೈಗೆ ಇಡಲು ಬಂದರು. ನೀನು ಎರಡು ಹೆಜ್ಜೆ ಹಿಂದೆ ಸರಿದೆ. ನಾನಾಗಲೇ ಗಾಡಿಯನ್ನು ಲೈನಿನ ಕಡೆ ತಳ್ಳಿಕೊಂಡು ಹೊರಟಿದ್ದೆ, ಆದರೂ ಕಂಡೆ. ಆ ಸರಿಯುವುದು ನನಗೆ ಚೆನ್ನಾಗಿ ಗೊತ್ತು. ಅಪ್ಪ ಹೋದ ಮೇಲೆ ನಾನು ಪರೀಕ್ಷೆಗೆ ಹೊರಟರೆ, ಇಂಟರ್‌ವ್ಯೂಗೆ ಹೊರಟರೆ, ನೀನು ಅಡುಗೆಮನೆ ಸೇರಿಕೊಂಡು ಪಕ್ಕದ ಮನೆಯವರನ್ನು ಎದುರಿಗೆ ಕರೆಯುತ್ತಿದ್ದೆ. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹಾಗೆ ಮಾಡು ಅಂದದ್ದಲ್ಲ, ನೀನೇ ವಿಧಿಸಿಕೊಂಡದ್ದು. ನಾನು ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದು ನಿನ್ನ ಮುಖ ನೋಡಿದರೆ ನೀನು ಬೈಯುತ್ತಿದ್ದೆ. ಆ ಬೈಗುಳ ತಿಂದೇ ನಾನು ಪಾಸಾದದ್ದು, ಅದನ್ನು ಮಾತ್ರ ನೀನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದೊಡ್ಡಮ್ಮ ಬಿಡುವವರೇ? ‘ಯಾಕವ್ವ ಇಂದಕ್ಕೋಯ್ತೀಯ? ನಾನೂ ಗಂಡ ಸತ್ತೋಳೇ ಕಣವ್ವ. ನನ್ ಮೊಮ್ಮಗನ್ಗೆ ನಾನ್ ತೆಗೀಲಿಲ್ವಾ ಈಗ? ಎತ್ತೋಳು ನೀನು, ನೀನ್ ತೆಗೀದೆ ಬೀದೀಲಿ ಓಗೋರು ತೆಗೀತಾರಾ?’ ಎಂದು ನಿನ್ನ ಕೈ ಹಿಡಿದು ಎಳೆದುಕೊಂಡು ಬಂದೇಬಿಟ್ಟರು. ಅಷ್ಟರಲ್ಲಿ ನಾನು ಲೈನಿನ ಹತ್ತಿರ ಇದ್ದೆ. ಮೇಷ್ಟ್ರು ಸೀಟಿ ಬಾಯಿಗಿಟ್ಟುಕೊಂಡರು, ಆದರೆ ದೊಡ್ಡಮ್ಮನ ಮೇಲೆ ಸೀಟಿ ಊದುವ ಧೈರ್ಯ ಅವರಿಗೂ ಬರಲಿಲ್ಲ.

ನೀನು ಕಾಯಿಯನ್ನು ನನಗೂ ಗಾಡಿಗೂ ಸೇರಿಸಿ ಮೂರು ಸುತ್ತು ನಿವಾಳಿಸಿದೆ. ಮುಂದಿನ ಚಕ್ರದ ಬಳಿ ನೆಲಕ್ಕೆ ಹೊಡೆದೆ, ಒಂದೇ ಏಟಿಗೆ ಒಡೆಯಿತು. ದೊಡ್ಡಮ್ಮ ಚೂರುಗಳನ್ನು ಸೆರಗಿಗೆ ಬಳಿದುಕೊಂಡರು. ನೀವಿಬ್ಬರೂ ಟೈರುಗಳ ಆಚೆ ಹೋದಿರಿ, ನಾನು ಗಾಡಿಯನ್ನು ಗೆರೆಗೆ ಸರಿಯಾಗಿ ಮುಂದೆ ತಳ್ಳಿದೆ. ಹಿಂದಿನ ಚಕ್ರ ಬಂದು ನಿಂತದ್ದು ಆ ಕಾಯಿನೀರಿನ ಮೇಲೆ. ಅದನ್ನು ಯಾರೂ ನೋಡಲಿಲ್ಲ. ಹೆಲ್ಮೆಟ್ ಒಳಗಿಂದ ನನಗೂ ಕಾಣಲಿಲ್ಲ. ಬಾವುಟ ಇಳಿಯಿತು, ಚಕ್ರ ಇದ್ದಲ್ಲೇ ಗರಗರ ತಿರುಗಿತು, ಗಾಡಿ ಒಮ್ಮೆ ಆಚೀಚೆ ಓಲಾಡಿ ಹಿಡಿತಕ್ಕೆ ಬಂತು. ಅಷ್ಟರಲ್ಲಿ ರವೀಂದ್ರ ಹೊರಟುಹೋಗಿದ್ದ. ಕೊನೆಯಲ್ಲಿ ಅವನನ್ನು ಹೆಚ್ಚುಕಮ್ಮಿ ಹಿಡಿದಿದ್ದೆ, ಆದರೆ ಹಿಡಿಯಲಿಲ್ಲ.

ನಾನು ತಿರುಗಿ ಬರುವ ಹೊತ್ತಿಗೆ ನೀನಿರಲಿಲ್ಲ. ಡಬ್ಬಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಹೆದ್ದಾರಿಗೆ ನಡೆದು ಬಸ್ಸು ಹತ್ತಿದ್ದೆ. ಊಟವನ್ನೂ ಮಾಡಲಿಲ್ಲ.

ಅಮ್ಮ, ಒಂಬತ್ತನೇ ಕ್ಲಾಸಿಗೆ ಘರ್ಷಣೆಯ ಪಾಠ ಮಾಡಿದವಳು ನೀನು. ಚನ್ನರಾಯಪಟ್ಟಣದ ಅರ್ಧ ಊರಿಗೆ, ಒದ್ದೆ ನೆಲದಲ್ಲಿ ಕಾಲು ಯಾಕೆ ಜಾರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸಿದವಳು. ನಿನ್ನ ವಿದ್ಯಾರ್ಥಿ ಯಾರಾದರೂ ಪರೀಕ್ಷೆಯಲ್ಲಿ ‘ಚಕ್ರ ಜಾರಲು ಕಾರಣ ವಿಧವೆಯ ಕೈ’ ಎಂದು ಬರೆದಿದ್ದರೆ ಎಷ್ಟು ಅಂಕ ಕೊಡುತ್ತಿದ್ದೆ? ಅದೇ ಜಾಗದಲ್ಲಿ ಮುತ್ತೈದೆಯರು ಹತ್ತು ಜನ ಬಂದು ಒಡೆದಿದ್ದರೂ ಅದು ನೀರೇ ಆಗಿರುತ್ತಿತ್ತು, ಚಕ್ರ ರಬ್ಬರೇ ಆಗಿರುತ್ತಿತ್ತು.

ಆ ಮಧ್ಯಾಹ್ನ ನಿನ್ನ ಪುಳಿಯೋಗರೆಯನ್ನು ನಾವೆಲ್ಲ ಹಂಚಿಕೊಂಡೆವು. ಮೊಮ್ಮಗನನ್ನು ಗೆಲ್ಲಿಸಲು ಎದುರಾಳಿಯ ತಾಯಿಗೆ ಕಾಯಿ ಕೊಟ್ಟ ಕಿಲಾಡಿ ಅಜ್ಜಿ ಎಂದು ಧನುಶ್ರೀ ದೊಡ್ಡಮ್ಮನನ್ನು ರೇಗಿಸಿದಳು. ಅವರು ನಗಲಿಲ್ಲ. ನೀನು ಹೋದ ದಾರಿಯನ್ನೇ ನೋಡುತ್ತಿದ್ದರು. ಹೊರಡುವಾಗ ನನ್ನ ಗಲ್ಲ ಹಿಡಿದು ಒಂದು ಮಾತು ಹೇಳಿದರು, ಅದನ್ನು ಹಾಗೇ ಬರೆಯುತ್ತೇನೆ: ‘ನಿಮ್ಮವ್ವಂಗೆ ಏಳು, ದೃಷ್ಟಿ ತೆಗ್ಯೋದು ಗೆಲ್ಲಾಕಲ್ಲ ಕಣವ್ವ, ಬೀಳ್ದೆ ಇರಾಕೆ. ಗಾಡಿ ಅಷ್ಟು ಓಲಾಡ್ತು, ನೀನ್ ಬಿದ್ದಾ? ಇಲ್ಲ ತಾನೇ? ಇನ್ನೇನ್ ಬೇಕಂತೆ ಅವ್ಳ ಕೈಗೆ?’

ನನಗೆ ದೃಷ್ಟಿಯಲ್ಲಿ ನಂಬಿಕೆ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ನಿನ್ನ ಕೈಯಲ್ಲಿ ನಂಬಿಕೆ ಇದೆ. ಆ ಕೈ ನನಗೆ ಜ್ವರ ಬಂದಾಗ ಹಣೆ ಮುಟ್ಟಿದೆ, ಅಪ್ಪನ ಕೊನೆಯ ತಿಂಗಳುಗಳಲ್ಲಿ ಅವರನ್ನು ಎತ್ತಿ ಕೂರಿಸಿದೆ. ಅದನ್ನು ಕೆಟ್ಟದ್ದು ಎಂದು ಬೇರೆ ಯಾರಾದರೂ ಅಂದಿದ್ದರೆ ನಾನು ಜಗಳಕ್ಕೆ ಹೋಗುತ್ತಿದ್ದೆ. ನೀನೇ ಅಂದರೆ ಯಾರೊಡನೆ ಜಗಳವಾಡಲಿ?

ಮುಂದಿನ ಬುಧವಾರ ರಾತ್ರಿಗೇ ನಾನು ಮನೆಗೆ ಬರುತ್ತೇನೆ. ಗುರುವಾರ ಅಡುಗೆಯವರು ಬರುತ್ತಾರೆ, ಅವರಿಗೆ ಸಾರಿಗೆ ಉಪ್ಪು ಹಾಕಲು ಬರುತ್ತದೆ. ನೀನು ಆ ಹಸಿರು ರೇಷ್ಮೆ ಸೀರೆ ಉಟ್ಟು ಹಜಾರದಲ್ಲಿ ಕೂರಬೇಕು. ಮಗುವನ್ನು ನೀನೇ ತೊಟ್ಟಿಲಿಗೆ ಹಾಕಬೇಕು. ದಿವ್ಯಾಳ ಅಮ್ಮನೂ ಇದಕ್ಕೆ ಒಪ್ಪಿದ್ದಾರೆ, ಕೇಳಿಕೊಂಡಿದ್ದೇನೆ.

ಈಗ ಏಳು ಅನ್ನು, ಮಂಡಿ ನೋಯುತ್ತಿದೆ.

ನಿನ್ನ ಮಾತು ಕೇಳದ, ನಿನ್ನನ್ನು ಬಿಟ್ಟು ಇನ್ನಾರ ಮಾತೂ ಕೇಳದ
ಇಂಚರ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಪತ್ರವನ್ನು ಧನುಶ್ರೀಗೆ ಓದಲು ಕೊಟ್ಟೆ. ‘ಎಲ್ಲಾ ಸರಿ, ನೀರು ಯಾರೂ ನೋಡ್ನಿಲ್ಲ ಅಂತ ಬರ್ದಿದ್ದೀಯಲ್ಲ, ಎತ್ತೋಳ್ಗೇ ಸುಳ್ಳೇಳ್ತೀಯೇನೇ’ ಎಂದು ವಾಪಸು ಎಸೆದಳು. ಮೇಷ್ಟ್ರು ನೋಡಿದ್ದರು ಅಮ್ಮ. ಗೋಣಿಚೀಲ ಹಿಡಿದು ಓಡಿ ಬಂದು, ‘ಚಕ್ರದ ಕೆಳಗೆ ಒದ್ದೆಯಾಗಿದೆ, ಒರೆಸಿಬಿಡ್ತೀನಿ ತಡಿ’ ಎಂದರು. ರವೀಂದ್ರ ಕಾಯುತ್ತೇನೆಂದು ಇಂಜಿನ್ ಆಫ್ ಮಾಡಿದ. ನಾನು ತಲೆಯೆತ್ತಿ ನೋಡಿದೆ. ನೀನು ಟೈರುಗಳ ಆಚೆ, ನನ್ನ ಎದುರಿಗೇ, ಕೈ ಮುಗಿದುಕೊಂಡು ನಿಂತಿದ್ದೆ. ಅಪ್ಪ ಹೋದ ಮೇಲೆ ನಾನು ಎಲ್ಲಿಗಾದರೂ ಹೊರಡುವಾಗ ನೀನು ಎದುರಿಗೆ ನಿಂತದ್ದು ಅದೇ ಮೊದಲು. ನೀನು ಒಡೆದ ಕಾಯಿಯ ನೀರನ್ನು ನಿನ್ನ ಕಣ್ಣೆದುರಿಗೆ ಗೋಣಿಚೀಲದಲ್ಲಿ ಒರೆಸುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಬೇಡ ಸರ್, ಹಾಗೇ ಇರಲಿ ಎಂದೆ. ಚಕ್ರ ಜಾರುತ್ತದೆ ಎಂದು ನನಗೆ ಗೊತ್ತಿತ್ತು. ನಿನ್ನ ಕೈ ನನ್ನನ್ನು ಸೋಲಿಸಲಿಲ್ಲ, ನಾನಾಗಿಯೇ ಒಪ್ಪಿ ಸೋತೆ. ಗುರುವಾರ ನೀನು ಅಡುಗೆಮನೆಗೆ ಹೋಗಿಬಿಟ್ಟರೆ ನಾನು ಸೋತದ್ದೂ ದಂಡವಾಗುತ್ತದೆ.